ಬೆಂಕಿಯ ದ್ವೀಪದ ಬಿಸಿನೀರು

ನಮ್ಮ ಪಟ್ಟಣಗಳ ಬಚ್ಚಲುಮನೆಗಳಲ್ಲಿ ನೀರು ಕಾಯಿಸುವ ಉಪಕರಣಕ್ಕೆ ಗೀಸರ್ ಎಂಬ ಹೆಸರು ರೂಢಿಯಾಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಈ ಹೆಸರಿನ ಮೂಲವನ್ನು ಹುಡುಕುತ್ತ ಹೊರಟರೆ ನಾವು ಉತ್ತರ ಧ್ರುವವೃತ್ತದ ಅಂಚಿಗೆ, ಅಟ್ಲಾಂಟಿಕ್ ಸಾಗರದ ನಡುವಿರುವ ಐಸ್‌ಲೆಂಡ್ ದ್ವೀಪಕ್ಕೆ ಹೋಗಬೇಕಾಗುತ್ತದೆ. ಅಲ್ಲಿಯ ಹೌಕಾದಾಲುರ್ ಕಣಿವೆಯಲ್ಲಿ ಗೇಸಿರ್ ಎಂಬ ಬಿಸಿನೀರಿನ ಬುಗ್ಗೆಯೊಂದಿದೆ. ರಭಸದಿಂದ ಚಿಮ್ಮುವುದು ಎಂಬ ಅರ್ಥ ಕೊಡುವ ಆ ದೇಶದ ಕ್ರಿಯಾಪದದಿಂದ ಬಂದ ಹೆಸರು ಅದು. ೧೨೯೪ರಲ್ಲಿ ಆ ಸೀಮೆಯಲ್ಲಿ ಭೂಕಂಪವಾದಾಗ ಅಲ್ಲಿ ಹೊಸ ಬಿಸಿನೀರಿನ ಬುಗ್ಗೆಗಳು ಎದ್ದವೆಂದು ಹಳೆಯ ಬರಹಗಳು ತಿಳಿಸುತ್ತವೆ. ಆ ಒಂದು ಬುಗ್ಗೆಯ ಹೆಸರು ಇಂದು ಲೋಕದ ಸಕಲ ಚಿಮ್ಮುಬುಗ್ಗೆಗಳಿಗೂ, ಕಡೆಗೆ ನಮ್ಮ ಬಚ್ಚಲುಮನೆಯ ಉಪಕರಣಕ್ಕೂ ಅಂಟಿಕೊಂಡಿದೆ.

ಐಸ್‌ಲೆಂಡಿನ ವಿಸ್ತೀರ್ಣ ಸುಮಾರು ೧,೦೩,೦೦೦ ಚದರ ಕಿಲೊಮೀಟರ್. ಎಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಅದರ ಹತ್ತರಲ್ಲೊಂದು ಪಾಲು ಹಿಮನದಿಗಳ ಅಡಿಯಲ್ಲಿದೆ. ಆದರೂ ಆ ನಾಡಿನ ರಾಜಧಾನಿಯಾದ ರೇಕ್ಯಾವಿಕ್‌ನ ಹೆಸರಿಗೆ ‘ಹೊಗೆಯ ಕೊಲ್ಲಿ’ ಎಂದು ಅರ್ಥ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ನೆಲಸಲು ಬಂದ ಜನರಿಗೆ ದಡದಲ್ಲಿ ಕಂಡ ‘ಹೊಗೆ’ ಬಿಸಿನೀರಿನ ಬುಗ್ಗೆಗಳಿಂದ ಏಳುತ್ತಿದ್ದ ಹಬೆಯೇ ಆಗಿತ್ತು.

ಹಿಮದ ನಾಡಿನಲ್ಲಿ ಕುದಿಯುವ ನೀರು ಎಲ್ಲಿಂದ ಬಂದಿತು? ಈ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ನೀರಿಗೆ ಕಾವು ಎಲ್ಲಿಂದ ಒದಗಿತು? ನೀರು ತಾನೇ ಎಲ್ಲಿಯದು? ಅದರಲ್ಲಿ ಕರಗಿರುವ ಲವಣಗಳು ಯಾವ ಮೂಲದವು? ಐಸ್‌ಲೆಂಡಿನಲ್ಲಿ ಹತ್ತು ಮನೆಗಳಲ್ಲಿ ಒಂಬತ್ತು ಮನೆಗಳನ್ನು ಇಂದು ಬೆಚ್ಚಗಿಡುತ್ತಿರುವುದು ಭೂಮಿಯ ಬಿಸಿನೀರು. ಆ ನೀರು ಬತ್ತುವಂತಹುದೋ, ಮತ್ತೆ ತುಂಬಿಕೊಳ್ಳುವಂತಹುದೋ ಎಂಬುದರ ಮೇಲೆ ಒಂದು ಇಡೀ ಜನಾಂಗದ ಚಳಿಗಾಲ ನಿಂತಿದೆ. ಆದುದರಿಂದ ಈ ಮೂರು ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಕಾವಿನ ಮೂಲ

ಭೂಮಿಯ ಹೊರಚಿಪ್ಪು ಒಂದೇ ತುಂಡಾಗಿಲ್ಲ. ಅದು ಹಲವು ಮಹಾಫಲಕಗಳಾಗಿ ಒಡೆದಿದೆ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಉತ್ತರ ದಕ್ಷಿಣವಾಗಿ ಉದ್ದಕ್ಕೂ ಹಾಯ್ದಿರುವ ಒಂದು ಪರ್ವತಶ್ರೇಣಿಯ ನೆತ್ತಿಯಲ್ಲಿ ಎರಡು ಫಲಕಗಳು ಒಂದರಿಂದೊಂದು ದೂರ ಸರಿಯುತ್ತಿವೆ. ಐಸ್‌ಲೆಂಡ್ ನೆಲಸಿರುವುದು ಈ ಶ್ರೇಣಿಯ ಮೇಲೆಯೇ. ಪಶ್ಚಿಮದ ಕಡೆ ಉತ್ತರ ಅಮೆರಿಕದ ಫಲಕವೂ ಪೂರ್ವದ ಕಡೆ ಯುರೇಷಿಯಾದ ಫಲಕವೂ ವರ್ಷಕ್ಕೆ ಸುಮಾರು ೨ ಸೆಂಟಿಮೀಟರಿನಷ್ಟು ಅಗಲುತ್ತವೆ. ಅಗಲಿದ ಬಿರುಕನ್ನು ತುಂಬಲು ಆಳದಿಂದ ಶಿಲಾರಸ ಮೇಲಕ್ಕೆ ಬರುತ್ತದೆ. ಇದಲ್ಲದೆ ದ್ವೀಪದ ಕೆಳಗೆ ಬಹು ಆಳದಿಂದ ಬಿಸಿಯಾದ ಶಿಲಾದ್ರವ್ಯ ಕಂಬದಂತೆ ಮೇಲೇರುತ್ತಿದೆಯೆಂದು ಭೂವಿಜ್ಞಾನಿಗಳು ತೀರ್ಮಾನಿಸಿದ್ದಾರೆ. ಈ ಎರಡು ಕಾರಣಗಳು ಕೂಡಿದುದರಿಂದಲೇ ಸಾಗರದ ತಳ ಅಲ್ಲಿ ನೀರಿನ ಮೇಲಕ್ಕೆ ತಲೆಯೆತ್ತಿ ದ್ವೀಪವಾಯಿತು.

ಸಾಮಾನ್ಯವಾದ ಭೂಖಂಡದಲ್ಲಿ ಒಂದು ಕಿಲೊಮೀಟರ್ ಆಳಕ್ಕೆ ಇಳಿದರೆ ಉಷ್ಣತೆ ಸುಮಾರು ೨೫ರಿಂದ ೩೦ ಡಿಗ್ರಿ ಸೆಂಟಿಗ್ರೇಡ್ ಏರುತ್ತದೆ. ಐಸ್‌ಲೆಂಡಿನ ಜ್ವಾಲಾಮುಖಿ ಪಟ್ಟಿಯಲ್ಲಾದರೋ ಒಂದು ಕಿಲೊಮೀಟರಿನೊಳಗೇ ೨೦೦ ಡಿಗ್ರಿಯನ್ನು ಮೀರಿದ ಕ್ಷೇತ್ರಗಳುಂಟು. ಇವುಗಳ ಕೆಳಗೆ ಸುಮಾರು ೧೨೦೦ ಡಿಗ್ರಿ ಉಷ್ಣತೆಯಲ್ಲಿ ಮೇಲೆದ್ದು, ಇನ್ನೂ ತಣಿಯುತ್ತಿರುವ ಶಿಲಾರಸವಿದೆ. ಜ್ವಾಲಾಮುಖಿ ಪಟ್ಟಿಯಿಂದ ಆಚೆಗಿರುವ ಕ್ಷೇತ್ರಗಳಲ್ಲಿ ಅಷ್ಟೇ ಆಳಕ್ಕೆ ಉಷ್ಣತೆ ೧೫೦ ಡಿಗ್ರಿಗಿಂತ ಕಡಮೆ. ಅಲ್ಲಿ ನೀರನ್ನು ಕಾಯಿಸುವುದು ಹಳೆಯ ಬಂಡೆಗಳಲ್ಲಿ ಉಳಿದಿರುವ, ಕೆಳಗಿನಿಂದ ಸಾವಕಾಶವಾಗಿ ಏರಿಬರುತ್ತಿರುವ ಕಾವು.

ಬಿಸಿನೀರಿನ ಬುಗ್ಗೆಗೆ ಜೀವಂತ ಜ್ವಾಲಾಮುಖಿ ಇರಲೇಬೇಕೆಂಬ ನಿಯಮವಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಬೆಂದ್ರುತೀರ್ಥದ ಸುತ್ತಮುತ್ತ ಜ್ವಾಲಾಮುಖಿಯ ಸುಳಿವೂ ಇಲ್ಲ. ಬಿರುಕಿನ ಹಾದಿಯಲ್ಲಿ ಸಾಕಷ್ಟು ಆಳಕ್ಕೆ ಇಳಿದು ಬೇಗನೆ ಮೇಲೆ ಬಂದ ನೀರು ಎಲ್ಲಿಯಾದರೂ ಬೆಚ್ಚಗಿರುವುದು ಸಹಜ. ಆದರೆ ಕುದಿಯುವ ನೀರು ಹೇರಳವಾಗಿ ದೊರೆಯಬೇಕಾದರೆ ಕಾವು ನೆಲಕ್ಕೆ ಸಮೀಪವಾಗಿರಬೇಕು. ಆ ಅನುಕೂಲ ಒದಗುವುದು ಮುಖ್ಯವಾಗಿ ಜ್ವಾಲಾಮುಖಿಯ ನಾಡುಗಳಲ್ಲಿ.

ನೀರಿನ ಮೂಲ

ಬುಗ್ಗೆಯ ನೀರು ಶಿಲಾರಸದಿಂದಲೇ ಬೆವರಿನಂತೆ ಹೊರಬಂದ ‘ಹೊಸ ನೀರು’ ಎಂದು ಒಂದು ಕಾಲದಲ್ಲಿ ಅನೇಕರು ನಂಬಿದ್ದರು. ಶಿಲಾರಸದಲ್ಲಿ ನೀರಿನ ಆವಿ ಇರುವುದೇನೋ ನಿಜ. ಹಾಗಾದರೆ ಮಳೆಯ ನೀರನ್ನೂ ಶಿಲಾರಸದ ನೀರನ್ನೂ ಬೇರ್ಪಡಿಸಿ ಗುರುತಿಸುವ ಬಗೆ ಯಾವುದು? ಎರಡರ ಅಣುಸೂತ್ರವೂ ಒಂದೇ. ಬಣ್ಣ ರುಚಿಗಳಲ್ಲಿಯೂ ಭೇದವಿಲ್ಲ.

ಇಪ್ಪತ್ತನೆಯ ಶತಮಾನದ ನಡುವೆ ಇದಕ್ಕೆ ಉತ್ತರ ದೊರೆಯಿತು. ಜಲಜನಕದ ಪರಮಾಣುಗಳಲ್ಲಿ ಒಂದು ಅತ್ಯಲ್ಪ ಭಾಗ ಇತರ ಪರಮಾಣುಗಳ ಎರಡರಷ್ಟು ತೂಕದವು. ಇವನ್ನು ಡ್ಯೂಟೀರಿಯಮ್ ಎನ್ನುವರು. ಆಮ್ಲಜನಕದಲ್ಲಿಯೂ ೧೬ರ ತೂಕದವುಗಳ ನಡುವೆ ೧೮ರ ತೂಕದವು ಕೆಲವು ಇವೆ. ಭಾರವಾದ ಪರಮಾಣುಗಳಿರುವ ನೀರು ಆವಿಯಾಗುವುದಕ್ಕೆ ಹಿಂದು, ಮಳೆಯಾಗಿ ಬೀಳುವುದಕ್ಕೆ ಮುಂದು. ಆದುದರಿಂದ ಮೋಡಗಳು ಕಡಲಿನಿಂದ ಒಳನಾಡಿಗೂ ಎತ್ತರದ ಚಳಿಯ ಪ್ರದೇಶಗಳಿಗೂ ಸಾಗಿದಂತೆಲ್ಲ ಅವುಗಳಲ್ಲಿ ಭಾರದ ನೀರು ಕಡಮೆಯಾಗುತ್ತ ಹೋಗುತ್ತದೆ. ಹೀಗೆ ಒಂದೊಂದು ಸೀಮೆಯ ಮಳೆಗೂ ಹಿಮಕ್ಕೂ ಒಂದೊಂದು ಗುರುತು ಬೀಳುತ್ತದೆ.

ಅಮೆರಿಕದ ಹಾರ್ಮನ್ ಕ್ರೇಗ್ ಎಂಬ ವಿಜ್ಞಾನಿ ಜಗತ್ತಿನ ಹಲವು ಜ್ವಾಲಾಮುಖಿ ಪ್ರದೇಶಗಳ ಬಿಸಿನೀರನ್ನು ಪರೀಕ್ಷಿಸಿ ೧೯೬೩ರಲ್ಲಿ ತನ್ನ ನಿರ್ಣಯವನ್ನು ಪ್ರಕಟಿಸಿದನು. ಪ್ರತಿಯೊಂದು ಕ್ಷೇತ್ರದಲ್ಲಿಯೂ ಬಿಸಿನೀರಿನ ಡ್ಯೂಟೀರಿಯಮ್ ಪ್ರಮಾಣ ಆಯಾ ಪ್ರದೇಶದ ಮಳೆನೀರಿನದಕ್ಕೆ ಸರಿಹೋಯಿತು. ಶಿಲಾರಸದ ನೀರೇ ಮುಖ್ಯವಾಗಿದ್ದ ಪಕ್ಷದಲ್ಲಿ, ನಾಡುನಾಡಿಗೂ ಬದಲಾಗುವ ಮಳೆಯನ್ನು ಬುಗ್ಗೆಗಳು ಹೀಗೆ ನೆರಳಿನಂತೆ ಹಿಂಬಾಲಿಸಲು ಕಾರಣವಿರಲಿಲ್ಲ. ಆದರೆ ಬಿಸಿನೀರಿನ ಆಮ್ಲಜನಕ ಮಾತ್ರ ಮಳೆಯದಕ್ಕಿಂತ ತುಸು ಭಾರವಾಗಿತ್ತು. ಇದಕ್ಕೂ ಸಮಾಧಾನ ಸಿಕ್ಕಿತು. ಬಂಡೆಗಳಲ್ಲಿ ಆಮ್ಲಜನಕ ಹೇರಳವಾಗಿದೆ, ಜಲಜನಕ ಬಹು ವಿರಳ. ಬಿಸಿಯಾದ ನೀರು ಬಂಡೆಯೊಡನೆ ಬಹುಕಾಲ ಸಂಪರ್ಕದಲ್ಲಿದ್ದು ಆಮ್ಲಜನಕವನ್ನು ಕೊಟ್ಟು ಕೊಂಡಿದೆ. ಜಲಜನಕದ ವಿನಿಮಯಕ್ಕೆ ಅಲ್ಲಿ ಅವಕಾಶವೇ ಇಲ್ಲ.

ಐಸ್‌ಲೆಂಡಿನವನೇ ಆದ ಬ್ರಾಗಿ ಅರ್ನಾಸನ್ ತನ್ನ ದೇಶದ ಮಳೆ, ಹಿಮ, ಬುಗ್ಗೆಗಳ ಡ್ಯೂಟೀರಿಯಮ್ಮನ್ನು ಅಳೆದು ೧೯೭೬ರಲ್ಲಿ ವಿಸ್ತಾರವಾದ ವರದಿಯನ್ನು ಹೊರತಂದನು. ತಗ್ಗಿನ ಸೀಮೆಯ ಎಷ್ಟೋ ಬುಗ್ಗೆಗಳ ನೀರು ಅಲ್ಲಿಯೇ ಬೀಳುವ ಮಳೆಗಿಂತ ಹಗುರವಾಗಿದ್ದು, ದೂರದ ಎತ್ತರದ ಒಳನಾಡಿನ ಹಿಮವನ್ನು ಹೋಲುತ್ತಿತ್ತು. ಒಳನಾಡಿನ ಮೇಲೆ ಬಿದ್ದ ನೀರು ಬಿರುಕುಗಳಲ್ಲಿ ಇಂಗಿ, ಆಳದಲ್ಲಿ ಕಾದು, ಬಹುದೂರ ಪಯಣಿಸಿ ತಗ್ಗಿನಲ್ಲಿ ಹೊರಬರುತ್ತದೆಂದು ಇದರಿಂದ ತಿಳಿದುಬಂದಿತು. ತಣ್ಣೀರು ಭಾರ, ಬಿಸಿನೀರು ಹಗುರ. ಒಂದು ಇಳಿಯುತ್ತಿದ್ದರೆ ಇನ್ನೊಂದು ಏರುತ್ತಿರುತ್ತದೆ; ಒಲೆಯ ಮೇಲಿಟ್ಟ ಹಂಡೆಯಲ್ಲಿ ನಡೆಯುವ ಸುತ್ತಾಟವೇ ಬಂಡೆಯ ಬಿರುಕುಗಳಲ್ಲಿ ಕಿಲೊಮೀಟರುಗಳ ಅಳತೆಯಲ್ಲಿ ನಡೆಯುತ್ತದೆ.

ಶಿಲಾರಸದ ಪಾಲು ಇದರಲ್ಲಿ ಏನೂ ಇಲ್ಲವೆಂದಲ್ಲ. ಬುಗ್ಗೆಗಳೊಡನೆ ಬರುವ ಹೀಲಿಯಮ್ ಅನಿಲದಲ್ಲಿ ೩ರ ತೂಕದ ಪರಮಾಣುಗಳ ಪ್ರಮಾಣ ನಾವು ಉಸಿರಾಡುವ ಗಾಳಿಯಲ್ಲಿರುವುದರ ಹತ್ತು ಪಟ್ಟಿಗೂ ಮಿಕ್ಕಿರುವ ಸ್ಥಳಗಳು ಐಸ್‌ಲೆಂಡಿನಲ್ಲಿವೆ. ಇದು ಭೂಮಿಯ ಬಹು ಆಳದಿಂದ ಬಂದ ಅನಿಲದ ಗುರುತು. ನೀರು ಆಕಾಶದ್ದಾದರೂ ಅನಿಲಗಳಲ್ಲಿ ಒಂದು ಪಾಲು ಪಾತಾಳದ್ದು.

ಲವಣಗಳ ಮೂಲ

ಶಾಲೆಯ ಪ್ರಯೋಗಶಾಲೆಯ ಜ್ವಾಲಕದಿಂದ ವಿದ್ಯಾರ್ಥಿಗಳಿಗೆ ಪರಿಚಿತನಾದ ಬುನ್ಸೆನ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಮೊದಲಿಗರಲ್ಲಿ ಒಬ್ಬ. ೧೮೪೫ರಲ್ಲಿ ಹೆಕ್ಲಾ ಜ್ವಾಲಾಮುಖಿ ಸ್ಫೋಟಿಸಿದ ತರುವಾಯ, ೧೮೪೬ರಲ್ಲಿ ಆತನು ಐಸ್‌ಲೆಂಡಿಗೆ ತೆರಳಿ ಬುಗ್ಗೆಗಳ ನೀರನ್ನೂ ಅನಿಲಗಳನ್ನೂ ವಿಶ್ಲೇಷಿಸಿದನು. ನೀರಿನಲ್ಲಿ ಕರಗಿರುವ ಪದಾರ್ಥಗಳು ಸುತ್ತಲ ಬಂಡೆಗಳಿಂದಲೇ ಬಂದಿರಬೇಕೆಂದು ಆತನ ಅಭಿಪ್ರಾಯವಾಗಿತ್ತು. ನೂರು ವರ್ಷಕ್ಕೂ ಮೇಲ್ಪಟ್ಟು ಕಳೆದ ಮೇಲೆ, ೧೯೬೪ರಲ್ಲಿ ನ್ಯೂಜಿಲೆಂಡಿನ ಎಲ್ಲಿಸ್ ಮತ್ತು ಮೇಹನ್ ಎಂಬ ರಸಾಯನಶಾಸ್ತ್ರಜ್ಞರು ಜ್ವಾಲಾಮುಖಿಯ ಶಿಲೆಗಳನ್ನು ನೀರಿನೊಡನೆ ಬಿಗಿಯಾದ ಪಾತ್ರೆಯಲ್ಲಿ ಕಾಯಿಸಿ, ಬುಗ್ಗೆಯ ನೀರನ್ನು ಹೋಲುವ ದ್ರಾವಣವನ್ನು ಪ್ರಯೋಗಶಾಲೆಯಲ್ಲಿಯೇ ಪಡೆದರು. ಶಿಲಾರಸದ ನೆರವಿಲ್ಲದೆ ಬರಿಯ ನೀರು, ಬಂಡೆ, ಕಾವು ಈ ಮೂರರಿಂದಲೇ ಅದು ಸಾಧ್ಯವಾಯಿತು.

ಈ ಕ್ರಿಯೆಯ ಹಂತಗಳನ್ನು ನೋಡೋಣ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿ ದುರ್ಬಲವಾದ ಆಮ್ಲವಾಗುತ್ತದೆ. ಐಸ್‌ಲೆಂಡಿನ ಮುಖ್ಯ ಶಿಲೆಯಾದ ಬಸಾಲ್ಟನ್ನು ಆ ಆಮ್ಲ ಕೊರೆಯುತ್ತದೆ. ಕೊರೆಯುವ ಕೆಲಸದಲ್ಲಿ ಆಮ್ಲ ತಾನೇ ವ್ಯಯವಾಗಿ, ಸೋಡಿಯಮ್, ಪೊಟ್ಯಾಸಿಯಮ್, ಕ್ಯಾಲ್ಸಿಯಮ್, ಸಿಲಿಕಗಳು ನೀರಿಗೆ ಸೇರುತ್ತವೆ. ನೀರು ಕ್ಷಾರಗುಣವನ್ನು ಪಡೆಯುತ್ತದೆ. ಆದರೆ ಕರಗಿದುದೆಲ್ಲ ನೀರಿನಲ್ಲಿಯೇ ಉಳಿಯುವುದಿಲ್ಲ. ಕ್ಯಾಲ್ಸಿಯಮ್ಮಿನ ಬಹುಭಾಗ ಸುಣ್ಣದ ಹರಳುಗಳಾಗಿಯೂ ಇತರ ಖನಿಜಗಳಾಗಿಯೂ ಬಿರುಕುಗಳಲ್ಲಿ ಕೂರುತ್ತದೆ. ಮೆಗ್ನೀಸಿಯಮ್ ಜೇಡಿಯ ಖನಿಜಗಳಲ್ಲಿ ಸೆರೆಯಾಗುತ್ತದೆ. ಕ್ಲೋರೈಡು ಮಾತ್ರ ಯಾವ ಖನಿಜದ ಹಿಡಿತಕ್ಕೂ ಸುಲಭವಾಗಿ ಸಿಕ್ಕದೆ ನೀರಿನೊಡನೆಯೇ ಪಯಣಿಸುತ್ತದೆ. ರೇಕ್ಯಾನೆಸ್ ಪರ್ಯಾಯ ದ್ವೀಪದ ತುದಿಯಲ್ಲಿ ಕಡಲ ನೀರೇ ಬಿಸಿ ಬಂಡೆಗಳೊಳಕ್ಕೆ ನುಗ್ಗುತ್ತದೆ. ಅಲ್ಲಿಯ ಬಿಸಿನೀರಿನ ಕ್ಲೋರೈಡು ಕಡಲಿನಷ್ಟೇ ಇದ್ದರೂ ಮೆಗ್ನೀಸಿಯಮ್ ಬಹುಮಟ್ಟಿಗೆ ಮಾಯವಾಗಿ, ಕ್ಯಾಲ್ಸಿಯಮ್, ಪೊಟ್ಯಾಸಿಯಮ್, ಸಿಲಿಕಗಳು ಹೆಚ್ಚಿರುತ್ತವೆ. ಬಂಡೆಯೊಡನೆ ನಡೆದ ವ್ಯಾಪಾರದ ಲೆಕ್ಕ ಆ ನೀರಿನಲ್ಲಿಯೇ ಬರೆದಂತಿದೆ.

ಇವುಗಳಲ್ಲಿ ಸಿಲಿಕ ಎಂಬುದು ವಿಜ್ಞಾನಿಗೆ ಬಹು ಉಪಕಾರಿಯಾದ ಪದಾರ್ಥ. ಬೆಣಚುಕಲ್ಲಿನಿಂದ ನೀರಿಗೆ ಎಷ್ಟು ಸಿಲಿಕ ಕರಗುವುದೆಂಬುದು ಉಷ್ಣತೆಯನ್ನು ಅವಲಂಬಿಸಿದೆ. ಲೀಟರಿಗೆ ಸುಮಾರು ೧೦೦ ಮಿಲಿಗ್ರಾಮ್ ಇದ್ದರೆ ಆ ನೀರು ಆಳದಲ್ಲಿ ಸುಮಾರು ೧೪೦ ಡಿಗ್ರಿಯಲ್ಲಿದ್ದಿರಬೇಕು. ೫೦೦ ಮಿಲಿಗ್ರಾಮ್ ಇದ್ದರೆ ಸುಮಾರು ೨೫೦ ಡಿಗ್ರಿಯಲ್ಲಿ. ಬೇಗ ಬೇಗ ಮೇಲಕ್ಕೆ ಬರುವ ನೀರಿನಲ್ಲಿ ಸಿಲಿಕ ಹೊರಬೀಳಲು ವೇಳೆ ಸಾಲದು. ಹೀಗಾಗಿ ಬುಗ್ಗೆಯ ದಡದಲ್ಲಿ ಒಂದು ಸೀಸೆ ನೀರು ತುಂಬಿಕೊಂಡು ಬಂದರೆ, ಥರ್ಮಾಮೀಟರು ಎಂದಿಗೂ ಇಳಿಯದ ಆಳದ ಉಷ್ಣತೆಯನ್ನು ಪ್ರಯೋಗಶಾಲೆಯಲ್ಲಿ ಕುಳಿತು ಗುಣಿಸಬಹುದು. ೧೯೬೦ರ ದಶಕದಿಂದ ಈಚೆಗೆ ಎಲ್ಲಿ ಬಾವಿ ಕೊರೆಯಬೇಕೆಂದು ಆರಿಸುವಾಗ ಈ ‘ರಾಸಾಯನಿಕ ಉಷ್ಣಮಾಪಕ’ವು ದಾರಿ ತೋರಿಸುತ್ತಿದೆ.

ಮೇಲೆ ಬಂದು ತಣಿದ ನೀರು ಅಷ್ಟು ಸಿಲಿಕವನ್ನು ಹಿಡಿದಿಟ್ಟುಕೊಳ್ಳಲಾರದು. ಹರಳುಗಟ್ಟದ ಸಿಲಿಕ ೧೦೦ ಡಿಗ್ರಿಯಲ್ಲಿ ಲೀಟರಿಗೆ ಸುಮಾರು ೩೭೦ ಮಿಲಿಗ್ರಾಮಿನವರೆಗೂ, ೨೫ ಡಿಗ್ರಿಯಲ್ಲಿ ಸುಮಾರು ೧೨೦ ಮಿಲಿಗ್ರಾಮಿನವರೆಗೂ ಮಾತ್ರ ಕರಗಿರಬಲ್ಲದು. ಮಿಕ್ಕದ್ದು ಬುಗ್ಗೆಯ ಬಾಯಿಯ ಸುತ್ತ ಬಿಳಿಯ ಕಲ್ಲಿನ ಪೊರೆಯಾಗಿ ಕೂರುತ್ತದೆ. ಗೇಸಿರಿನ ಬೋಗುಣಿಯೂ ಅದರ ನಳಿಗೆಯ ಗೋಡೆಯೂ ಹೀಗೆ ಬುಗ್ಗೆ ತಾನೇ ಕಟ್ಟಿಕೊಂಡ ಮನೆ.

ತಿಳಿನೀರು ಮತ್ತು ಕೊತಕೊತನೆಯ ಕೆಸರು

ಒಂದೇ ಕಾವಿನ ಮೂಲವುಳ್ಳ ಕ್ಷೇತ್ರದಲ್ಲಿ ಒಂದು ಕಡೆ ಗಾಜಿನಂತೆ ತಿಳಿಯಾದ ನೀರೂ ಇನ್ನೊಂದು ಕಡೆ ಕೊತಕೊತನೆ ಕುದಿಯುವ ಬೂದುಬಣ್ಣದ ಕೆಸರೂ ಇರುವುದೇಕೆ? ಆಳದಿಂದ ಏರುವ ನೀರು ಒತ್ತಡ ತಗ್ಗಿದಂತೆ ಕುದಿಯತೊಡಗುತ್ತದೆ. ಆಗ ಅದು ಎರಡು ಪಾಲಾಗುತ್ತದೆ. ಉಳಿದ ನೀರಿನಲ್ಲಿ ಕ್ಲೋರೈಡು, ಸಿಲಿಕಗಳು ನಿಲ್ಲುತ್ತವೆ; ಅದು ತಗ್ಗಿನಲ್ಲಿ ತಿಳಿಯಾದ ಕ್ಷಾರದ ಬುಗ್ಗೆಯಾಗುತ್ತದೆ. ಹಬೆಯೊಡನೆ ಇಂಗಾಲದ ಡೈಆಕ್ಸೈಡೂ ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡೂ ಹೊರಟು ಎತ್ತರದ ನೆಲಕ್ಕೆ ಬರುತ್ತವೆ. ಮೇಲಿನ ಗಾಳಿಯ ಆಮ್ಲಜನಕ ತಾಗಿದೊಡನೆ ಹೈಡ್ರೊಜನ್ ಸಲ್ಫೈಡು ಮೊದಲು ಹಳದಿಯ ಗಂಧಕವಾಗಿ, ಮುಂದೆ ಗಂಧಕಾಮ್ಲವಾಗಿ ಮಾರ್ಪಡುತ್ತದೆ. ಅಲ್ಲಿ ಸಿಕ್ಕಿದ ಸ್ವಲ್ಪವೇ ನೀರನ್ನು ಹಬೆ ಕಾಯಿಸಿದರೆ, ಆಮ್ಲ ಬಂಡೆಯನ್ನು ಜೇಡಿಯಾಗಿ ಕರಗಿಸುತ್ತದೆ. ಉತ್ತರದ ನಾಮಫ್ಯಾಲ್ ಗುಡ್ಡದ ಬುಡದಲ್ಲಿ ಕಾಣುವ ಕೆಸರಿನ ಮಡುಗಳು ಹೀಗೆ ಆದವು. ಕಬ್ಬಿಣದ ಸಲ್ಫೈಡಿನಿಂದ ಬೂದು, ಕಬ್ಬಿಣದ ಆಕ್ಸೈಡಿನಿಂದ ಕೆಂಪು, ಗಂಧಕದಿಂದ ಹಳದಿ: ಆ ನೆಲದ ಬಣ್ಣಗಳೆಲ್ಲ ರಸಾಯನಶಾಸ್ತ್ರದ ಪಾಠಗಳೇ.

ಗೇಸಿರ್ ಚಿಮ್ಮುವ ಬಗೆ

ಒತ್ತಡ ಹೆಚ್ಚಿದರೆ ನೀರಿನ ಕುದಿಯುವ ಬಿಂದು ಏರುತ್ತದೆಂದು ನಾವು ಬಲ್ಲೆವು. ಹತ್ತು ಮೀಟರ್ ಆಳದಲ್ಲಿ ನೀರು ಕುದಿಯಬೇಕಾದರೆ ೧೦೦ ಡಿಗ್ರಿ ಸಾಲದು, ಸುಮಾರು ೧೨೦ ಡಿಗ್ರಿ ಬೇಕು. ಬುನ್ಸೆನ್ ತನ್ನ ಸಂಗಡಿಗನಾದ ಫ್ರಾನ್ಸಿನ ದೆಕ್ಲ್ವಾಜೋನೊಡನೆ ಗೇಸಿರಿನ ಸುಮಾರು ೨೨ ಮೀಟರ್ ಆಳದ ನಳಿಗೆಯೊಳಕ್ಕೆ ಥರ್ಮಾಮೀಟರುಗಳನ್ನು ಇಳಿಬಿಟ್ಟು ಹಂತಹಂತವಾಗಿ ಉಷ್ಣತೆಯನ್ನು ಅಳೆದನು. ಎಲ್ಲಿಯೂ ನೀರು ಆ ಆಳದ ಕುದಿಯುವ ಬಿಂದುವನ್ನು ಮುಟ್ಟಿರಲಿಲ್ಲ. ಆದರೆ ತಳದಿಂದ ಸುಮಾರು ೯ ಮೀಟರ್ ಮೇಲೆ ನೀರು ೧೨೧.೮ ಡಿಗ್ರಿಯಲ್ಲಿತ್ತು, ಅಲ್ಲಿ ಕುದಿಯಲು ಬೇಕಾದುದು ೧೨೩.೮ ಡಿಗ್ರಿ. ಕೆಳಗಿನಿಂದ ಬಂದ ಹಬೆ ಈ ನೀರನ್ನು ಎರಡು ಮೀಟರಿನಷ್ಟು ಮೇಲಕ್ಕೆ ಎತ್ತಿತೆನ್ನೋಣ. ಅಲ್ಲಿ ೧೨೦.೮ ಡಿಗ್ರಿಯೇ ಸಾಕು. ನೀರಿನ ಕಾವು ಆಗ ಬೇಕಾದುದಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ, ಅದು ಒಮ್ಮೆಗೇ ಕುದಿಯುತ್ತದೆ. ಹುಟ್ಟಿದ ಹಬೆ ಮೇಲಿನ ನೀರನ್ನು ಹೊರಚೆಲ್ಲುತ್ತದೆ. ಭಾರ ಇಳಿದುದರಿಂದ ಕೆಳಗಿನ ನೀರೂ ಕುದಿಯುತ್ತದೆ. ಕ್ಷಣಮಾತ್ರದಲ್ಲಿ ನಳಿಗೆಯ ನೀರೆಲ್ಲ ಹಬೆಯೊಡನೆ ಆಕಾಶಕ್ಕೆ ನೆಗೆಯುತ್ತದೆ. ಜಾನ್ ಟಿಂಡಲ್ ಲಂಡನ್ನಿನ ರಾಯಲ್ ಇನ್ಸ್‌ಟಿಟ್ಯೂಷನ್ನಿನ ಉಪನ್ಯಾಸಗಳಲ್ಲಿ ಆರಡಿಯ ಲೋಹದ ನಳಿಗೆಯನ್ನು ನಿಲ್ಲಿಸಿ, ಬುಡದಲ್ಲಿಯೂ ಅದರಿಂದ ಎರಡಡಿ ಮೇಲೆಯೂ ಬೆಂಕಿಯಿಟ್ಟು ಇದನ್ನು ಸಭಿಕರ ಕಣ್ಣೆದುರೇ ನಡೆಸಿ ತೋರಿಸಿದನು.

ಬುನ್ಸೆನ್ನನಿಗಿಂತ ಮೊದಲು, ೧೮೧೦ರಲ್ಲಿ ಐಸ್‌ಲೆಂಡನ್ನು ಕಂಡ ಮೆಕೆಂಜಿಯು ನಳಿಗೆಯ ಬದಿಯಲ್ಲಿ ಹಬೆ ತುಂಬುವ ಗವಿಯೊಂದಿರಬೇಕೆಂದು ಊಹಿಸಿದ್ದನು. ಬುನ್ಸೆನ್ನನ ಅಳತೆಗಳ ಮುಂದೆ ಆ ಊಹೆ ಬಹುಕಾಲ ಹಿಂದೆ ಸರಿದಿತ್ತು. ಆದರೆ ರಷ್ಯದ ಕಮ್ಚಾಟ್ಕಾದ ಚಿಮ್ಮುಬುಗ್ಗೆಗಳೊಳಗೆ ಕ್ಯಾಮರಾ ಇಳಿಸಿ ನೋಡಿದವರು ಹಬೆಯನ್ನು ಹಿಡಿದಿಡುವ ಇಂತಹ ಗವಿಗಳನ್ನು ಕಂಡುದಾಗಿ ೨೦೧೩ರಲ್ಲಿ ಪ್ರಕಟಿಸಿದರು. ಹಳೆಯ ಎರಡು ಊಹೆಗಳೂ ಇಂದು ಒಂದಕ್ಕೊಂದು ಪೂರಕವಾಗಿ ನಿಂತಿವೆ.

ನಳಿಗೆಯ ಏರ್ಪಾಟು ಬಹು ಸೂಕ್ಷ್ಮವಾದುದು. ಚಿಮ್ಮುವುದನ್ನು ನಿಲ್ಲಿಸಿದ್ದ ಗೇಸಿರಿನ ಬೋಗುಣಿಯ ಅಂಚನ್ನು ೧೯೩೫ರಲ್ಲಿ ಕಡಿದು ನೀರಿನ ಮಟ್ಟವನ್ನು ತಗ್ಗಿಸಿದಾಗ ಅದು ಮತ್ತೆ ಚಿಮ್ಮಿತು. ೨೦೦೦ದ ಜೂನಿನ ಭೂಕಂಪಗಳೂ ಅದನ್ನು ಕೆಲಕಾಲ ಎಚ್ಚರಿಸಿದುವು. ಅದರ ನೆರೆಯ ಸ್ಟ್ರೋಕ್ಕುರ್ ಮಾತ್ರ ಕೆಲವು ನಿಮಿಷಗಳಿಗೊಮ್ಮೆ ೧೫ರಿಂದ ೨೦ ಮೀಟರ್ ಎತ್ತರಕ್ಕೆ ಚಿಮ್ಮುತ್ತ, ನೋಡಲು ಬಂದವರನ್ನು ನಿರಾಶೆಗೊಳಿಸುವುದಿಲ್ಲ.

ಕಣ್ಣೆದುರು ಹುಟ್ಟಿದ ದ್ವೀಪ

ಮೇಲೆ ಹೇಳಿದ ಕ್ರಿಯೆಗಳು ಆರಂಭವಾಗುವ ರೀತಿಯನ್ನು ಮೊದಲಿನಿಂದಲೇ ನೋಡುವ ಅವಕಾಶವೂ ವಿಜ್ಞಾನಿಗಳಿಗೆ ದೊರೆಯಿತು. ೧೯೬೩ರ ನವೆಂಬರ್ ೧೪ರಂದು ಐಸ್‌ಲೆಂಡಿನ ದಕ್ಷಿಣ ಕಡಲಿನಲ್ಲಿ ಸ್ಫೋಟವೊಂದು ಕಾಣಿಸಿಕೊಂಡು, ೧೯೬೭ರ ಜೂನ್‌ವರೆಗೆ ನಡೆದು, ಸುರ್ಟ್‌ಸೇ ಎಂಬ ಹೊಸ ದ್ವೀಪವನ್ನು ನಿರ್ಮಿಸಿತು. ೧೯೭೯ರಲ್ಲಿ ಅಲ್ಲಿ ೧೮೧ ಮೀಟರ್ ಆಳದ ರಂಧ್ರ ಕೊರೆದಾಗ ಒಳಗೆ ೧೦೦ ಡಿಗ್ರಿಯನ್ನು ಮೀರಿದ ಕಾವಿತ್ತು. ೨೦೧೭ರಲ್ಲಿ ಮತ್ತೆ ಕೊರೆದಾಗಲೂ ಅದು ಆರಿರಲಿಲ್ಲ. ಗಾಜಿನ ಪುಡಿಯಂತೆ ಸಡಿಲವಾಗಿ ಬಿದ್ದಿದ್ದ ಬೂದಿಯ ಬಹುಭಾಗವನ್ನು ಬಿಸಿನೀರೂ ಹಬೆಯೂ ಕೆಲವೇ ವರ್ಷಗಳಲ್ಲಿ ಗಟ್ಟಿಯಾದ ಕಲ್ಲಾಗಿ ಮಾಡಿದ್ದವು. ಬೂದಿಯ ಸಂದುಗಳಲ್ಲಿ ಜಿಯೊಲೈಟ್ ಎಂಬ ಖನಿಜಗಳು ಹರಳುಗಟ್ಟಿದ್ದವು. ಉತ್ತರ ಕರ್ನಾಟಕದವರೆಗೂ ಹಬ್ಬಿರುವ ದಖ್ಖನ್ನಿನ ಕಪ್ಪು ಶಿಲೆಯೂ ಇದೇ ಬಸಾಲ್ಟ್. ಅದರ ಗುಳ್ಳೆಗುಳಿಗಳಲ್ಲಿಯೂ ಇದೇ ಬಳಗದ ಹರಳುಗಳು ದೊರೆಯುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಆ ಶಿಲೆಯಲ್ಲಿಯೂ ಬಿಸಿನೀರು ಹರಿದಾಡಿತ್ತೆಂಬುದಕ್ಕೆ ಅವು ಸಾಕ್ಷಿ.

ನಾಡಿನ ಒಲೆ

ರೇಕ್ಯಾವಿಕ್‌ನ ಹೆಂಗಸರು ಹಿಂದೆ ಬಟ್ಟೆಯ ಗಂಟು ಹೊತ್ತು ಊರಾಚೆಯ ಬುಗ್ಗೆಗಳಿಗೆ ಒಗೆಯಲು ಹೋಗುತ್ತಿದ್ದರು. ೧೯೩೦ರಲ್ಲಿ ಆ ಬುಗ್ಗೆಗಳ ಸಮೀಪ ಕೊರೆದ ಬಾವಿಗಳ ನೀರನ್ನು ಸುಮಾರು ೩ ಕಿಲೊಮೀಟರ್ ಉದ್ದದ ಕೊಳವೆಯಲ್ಲಿ ತಂದು ಒಂದು ಶಾಲೆಯನ್ನೂ ಕೆಲವು ಹತ್ತು ಮನೆಗಳನ್ನೂ ಬೆಚ್ಚಗಿಡಲು ಆರಂಭಿಸಿದರು. ಇಂದು ಆ ನಗರದ ಕಲ್ಲಿದ್ದಲ ಹೊಗೆ ಮಾಯವಾಗಿದೆ.

ಆದರೆ ಇಂತಹ ನಿಧಿಗೂ ಮಿತಿಯುಂಟು. ನ್ಯೂಜಿಲೆಂಡಿನ ವೈರಾಕೆಯಲ್ಲಿ ೧೯೫೮ರಲ್ಲಿ ಹಬೆಯ ವಿದ್ಯುದಾಗಾರ ಕೆಲಸಕ್ಕೆ ತೊಡಗಿತು. ಬಾವಿಗಳು ಎಳೆದ ನೀರಿನಿಂದ ಆಳದ ಒತ್ತಡ ಕುಸಿದು, ೧೯೬೦ರ ದಶಕ ಮುಗಿಯುವುದರೊಳಗೆ ಸಮೀಪದ ಕಣಿವೆಯ ಚಿಮ್ಮುಬುಗ್ಗೆಗಳು ಮೌನವಾದುವು. ಅದೇ ದೇಶದ ರೊಟೊರುವದಲ್ಲಿ ಮನೆಮನೆಯವರೂ ಕೊಳವೆ ಬಾವಿ ಕೊರೆದುದರಿಂದ ಪ್ರಖ್ಯಾತವಾದ ಪೊಹುಟು ಬುಗ್ಗೆಗೆ ಕುತ್ತು ಬಂದಿತ್ತು. ೧೯೮೬ರಲ್ಲಿ ಸರ್ಕಾರವು ಅದರ ಸುತ್ತ ಒಂದೂವರೆ ಕಿಲೊಮೀಟರಿನೊಳಗಿನ ಬಾವಿಗಳನ್ನು ಮುಚ್ಚಿಸಲು ಆಜ್ಞೆ ಮಾಡಿದ ಮೇಲೆ ನೀರಿನ ಮಟ್ಟ ಏರಿ ಬುಗ್ಗೆಗಳು ಚೇತರಿಸಿಕೊಂಡವು. ಬಳಸಿದ ನೀರನ್ನು ಮತ್ತೆ ಆಳಕ್ಕೆ ಇಳಿಸುವ ಪದ್ಧತಿ ಈಗ ಹಲವು ಕಡೆ ರೂಢಿಗೆ ಬಂದಿದೆ. ಐಸ್‌ಲೆಂಡಿನ ಹೆಲ್ಲಿಶೈದಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟಿನೊಳಕ್ಕೆ ಕಳುಹಿಸಿದಾಗ, ಎರಡು ವರ್ಷಗಳೊಳಗೆ ಅದರಲ್ಲಿ ಶೇಕಡ ೯೫ಕ್ಕೂ ಹೆಚ್ಚು ಭಾಗ ಕಲ್ಲಾಯಿತೆಂದು ೨೦೧೬ರಲ್ಲಿ ವರದಿಯಾಯಿತು. ಬುಗ್ಗೆಗಳು ಅನಾದಿಯಿಂದ ನಡೆಸಿಕೊಂಡು ಬಂದ ರಾಸಾಯನಿಕ ಕ್ರಿಯೆಯನ್ನೇ ಮನುಷ್ಯನು ಇಲ್ಲಿ ತನ್ನ ಕೆಲಸಕ್ಕೆ ಹಚ್ಚಿದ್ದಾನೆ.

ಕಾವು ಕೊಡುವ ಕೈಯೇ ಅದನ್ನು ಕಿತ್ತುಕೊಳ್ಳುವುದೂ ಉಂಟು. ೨೦೨೪ರ ಫೆಬ್ರವರಿ ೮ರಂದು ರೇಕ್ಯಾನೆಸ್‌ನಲ್ಲಿ ಉಕ್ಕಿದ ಲಾವಾರಸವು ಸ್ವಾರ್ಟ್‌ಸೆಂಗಿಯ ಸ್ಥಾವರದಿಂದ ಹೊರಟ ಬಿಸಿನೀರಿನ ಕೊಳವೆಯನ್ನು ಕಡಿದುಹಾಕಿತು. ನಡುಚಳಿಗಾಲದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮನೆಗಳು ತಣ್ಣಗಾದುವು. ಕೆಲಸಗಾರರು ಹಗಲಿರುಳು ದುಡಿದು ಕೆಲವು ದಿನಗಳಲ್ಲಿ ಹೊಸ ಕೊಳವೆಯನ್ನು ಜೋಡಿಸಿದರು.

ಹೀಗೆ ನೋಡಿದರೆ ಐಸ್‌ಲೆಂಡಿನ ಜನ ಎರಡು ಉಗ್ರಾಣಗಳಿಂದ ಪಡೆಯುತ್ತಿದ್ದಾರೆ. ನೀರಿನ ಉಗ್ರಾಣವನ್ನು ಮಳೆಯೂ ಹಿಮವೂ ವರ್ಷ ವರ್ಷವೂ ತುಂಬುತ್ತವೆ. ಕಾವಿನ ಉಗ್ರಾಣ ತುಂಬುವುದು ಬಹು ನಿಧಾನ. ಫಲಕಗಳು ವರ್ಷಕ್ಕೆ ಎರಡು ಸೆಂಟಿಮೀಟರ್ ಸರಿಯುವ ವೇಗಕ್ಕೆ ಅದು ಕಟ್ಟುಬಿದ್ದಿದೆ. ತೆಗೆಯುವವನ ಕೈ ತುಂಬುವವನ ಕೈಯನ್ನು ಮೀರದಂತೆ ನೋಡಿಕೊಳ್ಳಲು ಲೆಕ್ಕ ಬೇಕು. ಆ ಲೆಕ್ಕವನ್ನು ಒದಗಿಸುತ್ತಿರುವುದು ಒಂದು ಸೀಸೆ ನೀರಿನಲ್ಲಿ ಕರಗಿರುವ ಸಿಲಿಕ, ಕ್ಲೋರೈಡು, ಭಾರವಾದ ಜಲಜನಕದ ಕೆಲವು ಪರಮಾಣುಗಳು.